343 ಓಟಿನ ಗೆಲುವು, ಆಮೇಲಿನ ಸೋಲು: ಕಾನ್ಸಾಸ್‌ನಲ್ಲಿ ಕ್ರಿಸ್ ಕೋಬಾಕ್, 2018

1,28,832ರಲ್ಲಿ 1,28,489 ಕಳೆದರೆ 343. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ 2018ರ ರಿಪಬ್ಲಿಕನ್ ಗವರ್ನರ್ ಅಭ್ಯರ್ಥಿ ಯಾರು ಅಂತ ತೀರ್ಮಾನವಾಗಿದ್ದು ಇಷ್ಟೇ ಓಟಿನಲ್ಲಿ. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಜನರೇ ಓಟು ಹಾಕಿ ಆರಿಸುತ್ತಾರೆ. ನಮ್ಮಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಇಂಥ ಅಂತರ ಕಾಣುತ್ತೇವೆ. ಅಲ್ಲಿ ಓಟು ಹಾಕಿದವರು ಮೂರು ಲಕ್ಷಕ್ಕೂ ಜಾಸ್ತಿ. ಗೆದ್ದವರು ಕ್ರಿಸ್ ಕೋಬಾಕ್. ತಮಾಷೆ ಏನೆಂದರೆ, ಇಡೀ ರಾಜ್ಯದಲ್ಲಿ ಚುನಾವಣೆ ನಡೆಸುವ ಕಚೇರಿಗೆ ಮುಖ್ಯಸ್ಥರೂ ಅವರೇ.

ಇದು ನಮಗೆ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ನಮ್ಮಲ್ಲಿ ಚುನಾವಣಾ ಆಯೋಗ ಇದೆ, ಜಿಲ್ಲೆಯಲ್ಲಿ ಡಿಸಿ ಚುನಾವಣಾಧಿಕಾರಿ ಆಗುತ್ತಾರೆ. ಆ ಡಿಸಿಯೇ ಕುರ್ಚಿ ಬಿಡದೆ ನಾಮಪತ್ರ ಸಲ್ಲಿಸಿ ಪ್ರಚಾರಕ್ಕೆ ಹೊರಟರೆ ಹೇಗಿರುತ್ತದೆ, ಯೋಚಿಸಿ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಇದು ಮಾಮೂಲು. ಅಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಅಂತ ಒಂದು ಹುದ್ದೆ ಇದೆ. ಕಂಪನಿಗಳ ನೋಂದಣಿ, ಸರ್ಕಾರಿ ದಾಖಲೆ, ಜೊತೆಗೆ ಚುನಾವಣೆ, ಎಲ್ಲ ಅವರ ಕೈಯಲ್ಲಿ. ಆ ಹುದ್ದೆಗೂ ಪಕ್ಷದ ಚಿಹ್ನೆ ಹಿಡಿದೇ ಚುನಾವಣೆಗೆ ನಿಲ್ಲಬೇಕು. ಸಾಮಾನ್ಯವಾಗಿ ಅಲ್ಲಿ ಕೂತವರ ಹೆಸರು ಪಕ್ಕದ ರಾಜ್ಯದವರಿಗೂ ಗೊತ್ತಿರುವುದಿಲ್ಲ. ಕೋಬಾಕ್ ಹೆಸರು ದೇಶಕ್ಕೆಲ್ಲ ಗೊತ್ತಿತ್ತು.

ಓದಿನಲ್ಲಿ ಅವರು ಸಾಮಾನ್ಯದವರಲ್ಲ. ಬೆಳೆದಿದ್ದು ಕಾನ್ಸಾಸ್ ರಾಜಧಾನಿ ಟೊಪೀಕಾದಲ್ಲಿ. ಹಾರ್ವರ್ಡ್, ಆಕ್ಸ್‌ಫರ್ಡ್, ಕೊನೆಗೆ ಯೇಲ್‌ನಲ್ಲಿ ಕಾನೂನು. ಆಮೇಲೆ ಕಾನೂನು ಮೇಷ್ಟರಾದರು. 2004ರಲ್ಲಿ ಸಂಸತ್ತಿಗೆ ನಿಂತು ಸೋತರು. ಅಕ್ರಮ ವಲಸೆ ವಿರುದ್ಧ ಕಾನೂನು ಬರೆಯುವುದರಲ್ಲಿ ಕೈ ಪಳಗಿತ್ತು. 2010ರಲ್ಲಿ ದೇಶದಲ್ಲೆಲ್ಲ ಗದ್ದಲ ಎಬ್ಬಿಸಿದ ಅರಿಜೋನಾದ ವಲಸೆ ಕಾನೂನು ಬರೆಯಲು ನೆರವಾದವರು ಇವರೇ. ಅದೇ ವರ್ಷ ಕಾನ್ಸಾಸ್‌ನ ಸೆಕ್ರೆಟರಿ ಆಫ್ ಸ್ಟೇಟ್ ಆಗಿ ಗೆದ್ದರು, 2014ರಲ್ಲಿ ಮತ್ತೆ ಗೆದ್ದರು. ಅಮೆರಿಕದ ಪ್ರಜೆಗಳಲ್ಲದವರು ಕಳ್ಳ ಓಟು ಹಾಕುತ್ತಿದ್ದಾರೆ ಅನ್ನುವುದೇ ಅವರ ಒಂದಂಶದ ಕಾರ್ಯಕ್ರಮ.

ಅದಕ್ಕಾಗಿ 2011ರಲ್ಲಿ ಒಂದು ಕಾನೂನು ಮಾಡಿಸಿದರು. ಹೊಸದಾಗಿ ಮತದಾರರ ಪಟ್ಟಿಗೆ ಹೆಸರು ಸೇರಿಸುವವರು ಜನನ ಪ್ರಮಾಣಪತ್ರವನ್ನೋ ಪಾಸ್‌ಪೋರ್ಟನ್ನೋ ತೋರಿಸಬೇಕು. 2013ರಿಂದ ಇದು ಜಾರಿಗೆ ಬಂತು. ಇದರಲ್ಲೇನು ತಪ್ಪು ಅಂತ ಕೇಳಬಹುದು. ಪಡಿತರ ಚೀಟಿಗೆ ಹತ್ತು ದಾಖಲೆ ಕೊಟ್ಟು ಅಭ್ಯಾಸವಾದ ನಮಗೆ ಇದೇನು ದೊಡ್ಡದಲ್ಲ ಅನ್ನಿಸುತ್ತದೆ. ಅಲ್ಲಿ ಕಥೆ ಬೇರೆ. 1993ರ ಕೇಂದ್ರ ಕಾನೂನಿನ ಪ್ರಕಾರ ಡ್ರೈವಿಂಗ್ ಲೈಸೆನ್ಸ್ ಮಾಡಿಸುವ ಕೌಂಟರ್‌ನಲ್ಲೇ ಓಟಿಗೂ ಹೆಸರು ಬರೆಸಬಹುದು. ನಾನು ಪ್ರಜೆ ಅಂತ ಸಹಿ ಹಾಕಿದರೆ ಸಾಕು, ಸುಳ್ಳಾದರೆ ಶಿಕ್ಷೆ. ಜನ ಹಾಗೆಯೇ ಸಹಿ ಹಾಕಿ ಮನೆಗೆ ಹೋದರು. ಓಟಿನ ದಿನ ನೋಡಿದರೆ ಪಟ್ಟಿಯಲ್ಲಿ ಹೆಸರಿಲ್ಲ. ಹೀಗೆ ಅರ್ಜಿ ತಡೆಹಿಡಿದಿದ್ದು ಇಲ್ಲವೇ ರದ್ದಾಗಿದ್ದು ಒಟ್ಟು 31,089 ಜನರದ್ದು. ಹೊಸದಾಗಿ ಅರ್ಜಿ ಹಾಕಿದ ಪ್ರತಿ ನೂರು ಮಂದಿಯಲ್ಲಿ ಸುಮಾರು ಹನ್ನೆರಡು ಜನ.

ಇನ್ನೊಂದು ಯೋಜನೆ ಕ್ರಾಸ್‌ಚೆಕ್. ಬೇರೆ ಬೇರೆ ರಾಜ್ಯಗಳ ಮತದಾರರ ಪಟ್ಟಿ ತಂದು ಹೆಸರು, ಹುಟ್ಟಿದ ತಾರೀಖು ಎರಡೂ ಒಂದೇ ಇದ್ದವರನ್ನು ಹುಡುಕಿ, ಇವರು ಎರಡು ಕಡೆ ಇದ್ದಾರೆ ಅಂತ ಎಚ್ಚರಿಸುವುದು. ಕೇಳಲು ಚೆನ್ನಾಗಿದೆ. ಆದರೆ ಒಂದೇ ಹೆಸರು, ಒಂದೇ ಹುಟ್ಟಿದ ದಿನ ಇರುವ ಇಬ್ಬರು ಸಿಗುವುದು ಕೋಟಿಗಟ್ಟಲೆ ಹೆಸರಿನ ಪಟ್ಟಿಯಲ್ಲಿ ಅಪರೂಪವೇನಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ಜೂನ್ ಒಂದನೇ ತಾರೀಖನ್ನೇ ಜೀವನವಿಡೀ ಹೊತ್ತು ತಿರುಗುವ ಮಂಜುನಾಥರು ನಮ್ಮಲ್ಲಿ ಎಷ್ಟಿಲ್ಲ! ಅವರನ್ನೆಲ್ಲ ಒಬ್ಬನೇ ಅಂದುಕೊಂಡರೆ ಏನಾಗುತ್ತದೋ ಅಲ್ಲೂ ಅದೇ ಆಯಿತು.

2016ರಲ್ಲಿ ಟ್ರಂಪ್ ಗೆದ್ದರು. ಕೋಬಾಕ್ ಮೊದಲಿನಿಂದಲೂ ಅವರ ಜೊತೆ ಇದ್ದವರು. ಆ ನವೆಂಬರ್‌ನಲ್ಲಿ ನ್ಯೂಜೆರ್ಸಿಯಲ್ಲಿ ಟ್ರಂಪ್ ಭೇಟಿಗೆ ಹೋದಾಗ ಕಂಕುಳಲ್ಲಿ ಒಂದಿಷ್ಟು ಕಾಗದ ಹಿಡಿದು ಫೋಟೋಗೆ ನಿಂತರು. ಮೇಲಿನ ಹಾಳೆ ಹೊರಮುಖವಾಗಿತ್ತು. ಪತ್ರಕರ್ತರು ಫೋಟೋ ದೊಡ್ಡದು ಮಾಡಿ ಓದಿದರು. ಗೃಹಭದ್ರತಾ ಇಲಾಖೆಗೆ ಮೊದಲ 365 ದಿನದ ಯೋಜನೆ ಅದು! ಅದರಲ್ಲಿ ಮತದಾರರ ನೋಂದಣಿ ಕಾನೂನಿನ ವಿಷಯವೂ ಇದ್ದಂತೆ ಕಂಡಿತು. ಪೌರತ್ವ ದಾಖಲೆ ಕಾನೂನಿನ ವಿರುದ್ಧ ಆಗಲೇ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು. ಆ ಕಾಗದ ಕೊಡಿ ಅಂತ ಎದುರು ಕಕ್ಷಿಯವರು ಅಲ್ಲಿ ಕೇಳಿದರು. ಅದರ ಬಗ್ಗೆ ಕೋರ್ಟಿಗೆ ದಾರಿ ತಪ್ಪಿಸುವ ಮಾತು ಹೇಳಿದ್ದಕ್ಕೆ 2017ರ ಜೂನ್‌ನಲ್ಲಿ ಕೋಬಾಕ್ ಅವರಿಗೆ 1,000 ಡಾಲರ್ ದಂಡ ಬಿತ್ತು.

ಅದೇ ಜೂನ್ 8ರಂದು ಅವರು ಗವರ್ನರ್ ಸ್ಥಾನಕ್ಕೆ ಸ್ಪರ್ಧೆ ಘೋಷಿಸಿದ್ದು. ಈ ತಾರೀಖನ್ನು ಸ್ವಲ್ಪ ನೆನಪಿನಲ್ಲಿಡಿ. ಇದಕ್ಕೆ ಎರಡು ದಿನ ಮೊದಲು, ಜೂನ್ 6ರಂದು, ಕಾನ್ಸಾಸ್ ಶಾಸನಸಭೆಯಲ್ಲಿ ದೊಡ್ಡ ಘಟನೆಯೊಂದು ನಡೆದಿತ್ತು. ನನ್ನ ಪ್ರಕಾರ ಕೋಬಾಕ್ ಸೋಲಿನ ಬೀಜ ಅಲ್ಲಿದೆ.

ಆಗ ಗವರ್ನರ್ ಆಗಿದ್ದವರು ಅದೇ ಪಕ್ಷದ ಸ್ಯಾಮ್ ಬ್ರೌನ್‌ಬ್ಯಾಕ್. 2012ರಲ್ಲಿ ಅವರು ತೆರಿಗೆಯನ್ನು ಭಾರಿ ಪ್ರಮಾಣದಲ್ಲಿ ಇಳಿಸಿದ್ದರು. ಸಣ್ಣಪುಟ್ಟ ವ್ಯಾಪಾರದ ಲಾಭ ಮಾಲೀಕರ ಲೆಕ್ಕಕ್ಕೆ ಬಂದರೆ ಅದಕ್ಕೆ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಮೂರು ಲಕ್ಷಕ್ಕೂ ಹೆಚ್ಚು ಜನ ಹೀಗೆ ತೆರಿಗೆಯಿಂದ ಪಾರಾದರು. ತೆರಿಗೆ ಇಳಿದರೆ ವ್ಯಾಪಾರ ಚಿಗುರುತ್ತದೆ, ಖಜಾನೆ ತಾನಾಗೇ ತುಂಬುತ್ತದೆ ಅನ್ನುವುದು ಲೆಕ್ಕ. ಚಿಗುರಲಿಲ್ಲ. ಖಜಾನೆ ಖಾಲಿಯಾಯಿತು. ರಸ್ತೆ ದುಡ್ಡು ತೆಗೆದು ಸಂಬಳಕ್ಕೆ ಹಾಕಿದರು. ರಾಜ್ಯದ ಸಾಲದ ರೇಟಿಂಗ್ ಇಳಿಯಿತು. 2015ರಲ್ಲಿ ಒಂದೆರಡು ಕಡೆ ದುಡ್ಡಿಲ್ಲದೆ ಶಾಲೆಗಳನ್ನು ಬೇಸಿಗೆ ರಜೆಗೆ ಮುಂಚೆಯೇ ಮುಚ್ಚಿದರು. ಶಾಲೆಗೆ ಕೊಡುವ ಹಣ ಸಾಲದು ಅಂತ ರಾಜ್ಯದ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿತು.

ಕೊನೆಗೆ ರಿಪಬ್ಲಿಕನ್ ಶಾಸಕರಿಗೇ ಸಾಕಾಯಿತು. ಡೆಮಾಕ್ರಾಟರ ಜೊತೆ ಸೇರಿ ತೆರಿಗೆ ಕಡಿತ ವಾಪಸ್ ತೆಗೆಯುವ ಮಸೂದೆ ಪಾಸು ಮಾಡಿದರು. ಗವರ್ನರ್ ವೀಟೋ ಮಾಡಿದರು. ಜೂನ್ 6ರಂದು ಎರಡೂ ಸದನಗಳು ಮೂರನೇ ಎರಡು ಬಹುಮತದಿಂದ ಆ ವೀಟೋವನ್ನೂ ತಳ್ಳಿಹಾಕಿದವು. ತಮ್ಮದೇ ಪಕ್ಷದ ಗವರ್ನರ್‌ಗೆ ತಮ್ಮವರೇ ಹೀಗೆ ಮಾಡುವುದು ಸಣ್ಣ ವಿಷಯ ಅಲ್ಲ. ಎರಡು ದಿನ ಕಳೆದು ಲೆನೆಕ್ಸಾ ಊರಿನಲ್ಲಿ ವೇದಿಕೆ ಹತ್ತಿದ ಕೋಬಾಕ್, ಆ ತೆರಿಗೆ ಏರಿಕೆಯನ್ನೇ ಟೀಕಿಸಿ ಪ್ರಚಾರ ಶುರುಮಾಡಿದರು. ಇಡೀ ರಾಜ್ಯ ಕಷ್ಟಪಟ್ಟು ದಾಟಿದ ಹೊಳೆಗೆ ಮತ್ತೆ ಇಳಿಯೋಣ ಅಂದ ಹಾಗೆ.

ಈ ನಡುವೆ ವಾಷಿಂಗ್ಟನ್‌ನಲ್ಲೂ ಅವರಿಗೆ ಕೆಲಸ ಸಿಕ್ಕಿತ್ತು. ಚುನಾವಣಾ ಅಕ್ರಮ ಪತ್ತೆಗೆ ಟ್ರಂಪ್ ನೇಮಿಸಿದ ಸಮಿತಿಗೆ ಇವರು ಉಪಾಧ್ಯಕ್ಷರು. ಎಲ್ಲ ರಾಜ್ಯಗಳಿಗೂ ಪತ್ರ ಬರೆದು ನಿಮ್ಮ ಮತದಾರರ ಮಾಹಿತಿ ಕಳಿಸಿ ಅಂದರು. ರಾಜ್ಯಗಳು ಒಂದಾದ ಮೇಲೊಂದು ಕೈಯೆತ್ತಿದವು. ಮಿಸಿಸಿಪ್ಪಿಯ ರಿಪಬ್ಲಿಕನ್ ಸೆಕ್ರೆಟರಿ ಆಫ್ ಸ್ಟೇಟ್, ಹೋಗಿ ಸಮುದ್ರಕ್ಕೆ ಹಾರಿ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು. ಕೇಳಿದ ಮಾಹಿತಿಯಲ್ಲಿ, ನಮ್ಮ ಆಧಾರ್ ಥರದ ಸೋಶಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿಯೂ ಇತ್ತು. ಅದನ್ನು ಕಾನ್ಸಾಸ್ ಕೂಡ ಕೊಡುವಂತಿರಲಿಲ್ಲ. ಅಂದರೆ ಪತ್ರ ಬರೆದ ಕೋಬಾಕ್ ಕೇಳಿದ್ದನ್ನು ಪತ್ರ ತಲುಪಿದ ಕೋಬಾಕ್ ಪೂರ್ತಿ ಕೊಡಲಾಗಲಿಲ್ಲ. 2018ರ ಜನವರಿಯಲ್ಲಿ ಸಮಿತಿಯನ್ನು ವಿಸರ್ಜಿಸಿದರು.

ಮಾರ್ಚ್‌ನಲ್ಲಿ ಕೋರ್ಟಿನ ವಿಚಾರಣೆ. ಪೌರತ್ವ ದಾಖಲೆ ಕಾನೂನಿನ ವಿರುದ್ಧದ ಅದೇ ಕೇಸು. ಅಭ್ಯರ್ಥಿಯಾಗಿ ಊರೂರು ತಿರುಗಬೇಕಿದ್ದ ಕೋಬಾಕ್, ಕಾನ್ಸಾಸ್ ಸಿಟಿಯ ಫೆಡರಲ್ ಕೋರ್ಟಿನಲ್ಲಿ ತಮ್ಮ ಕಚೇರಿಯ ಪರವಾಗಿ ತಾವೇ ವಾದಕ್ಕೆ ನಿಂತರು. ನ್ಯಾಯಾಧೀಶೆ ಜೂಲಿ ರಾಬಿನ್ಸನ್. ಅವರನ್ನು ನೇಮಿಸಿದ್ದು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್, ಹಾಗಾಗಿ ಪಕ್ಷಪಾತ ಅನ್ನುವುದೂ ಕಷ್ಟ. ಸಾಕ್ಷ್ಯ ಹೇಗೆ ಸಲ್ಲಿಸಬೇಕು, ಯಾವಾಗ ಸಲ್ಲಿಸಬೇಕು ಅನ್ನುವ ಮೂಲ ಪಾಠವನ್ನು ಈ ಯೇಲ್ ಪದವೀಧರರಿಗೆ ನ್ಯಾಯಾಧೀಶೆ ಮತ್ತೆ ಮತ್ತೆ ಹೇಳಬೇಕಾಯಿತು.

ಆ ವಿಚಾರಣೆಯ ಒಂದು ಗಳಿಗೆ ನನಗೆ ಮರೆಯುವುದಿಲ್ಲ. ಕೋಬಾಕ್ ಪರ ತಜ್ಞರೊಬ್ಬರು ಕಾನ್ಸಾಸ್ ಪಟ್ಟಿಯಲ್ಲಿ 18,000 ವಿದೇಶಿಯರು ಇರಬಹುದು ಅಂತ ಅಂದಾಜು ಹೇಳಿದ್ದರು. ಆ ಕೆಲಸದಲ್ಲಿ ಹೆಸರು ನೋಡಿ ಇದು ವಿದೇಶಿ ಹೆಸರು, ಇದು ಅಲ್ಲ ಅಂತ ಗುರುತು ಮಾಡಿದ್ದೂ ಇತ್ತು. ಎದುರಿನ ವಕೀಲರು ಕೇಳಿದರು: ಕಾರ್ಲೋಸ್ ಮುರ್ಗಿಯಾ ಅಂತ ಹೆಸರಿದ್ದರೆ? ವಿದೇಶಿ ಅಂತಲೇ ಗುರುತು ಮಾಡುತ್ತೇನೆ ಅಂದರು ತಜ್ಞರು. ಕಾರ್ಲೋಸ್ ಮುರ್ಗಿಯಾ ಅದೇ ಕಟ್ಟಡದಲ್ಲಿ ಕೂರುತ್ತಿದ್ದ ಫೆಡರಲ್ ನ್ಯಾಯಾಧೀಶರು.

ಏಪ್ರಿಲ್‌ನಲ್ಲಿ ಇನ್ನೊಂದು ಪೆಟ್ಟು. ಹೆಸರು ನೋಂದಾಯಿಸಿದ ಎಲ್ಲರಿಗೂ ನಿಮ್ಮ ಮತಗಟ್ಟೆ ಇಂಥಲ್ಲಿ ಅಂತ ಕೌಂಟಿಯಿಂದ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದಿಂದ, ಒಂದು ಪೋಸ್ಟ್‌ಕಾರ್ಡ್ ಹೋಗುತ್ತದೆ. ಕೋರ್ಟಿನ ಆದೇಶದಿಂದ ಪಟ್ಟಿಗೆ ಸೇರಿದವರಿಗೂ ಆ ಕಾರ್ಡು ಹೋಗುವಂತೆ ನೋಡಿಕೊಳ್ಳಿ ಅಂತ ಹೇಳಿದ್ದರೂ ಕೋಬಾಕ್ ಕಚೇರಿ ನೋಡಿಕೊಂಡಿರಲಿಲ್ಲ. ನ್ಯಾಯಾಂಗ ನಿಂದನೆ ಅಂತ ತೀರ್ಪಾಯಿತು. ಜೂನ್ 18ರಂದು ಮುಖ್ಯ ತೀರ್ಪು ಬಂತು, ಕಾನೂನೇ ಬಿದ್ದುಹೋಯಿತು. 19 ವರ್ಷದಲ್ಲಿ ಕಾನ್ಸಾಸ್ ಮತದಾರರ ಪಟ್ಟಿಗೆ ಸೇರಿದ ವಿದೇಶಿಯರು ಹೆಚ್ಚೆಂದರೆ 39 ಜನ ಅಂತ ನ್ಯಾಯಾಧೀಶೆ ಲೆಕ್ಕ ಹಾಕಿದ್ದರು. ನೀವು ನೋಡುತ್ತಿರುವುದು ನೀರ್ಗಲ್ಲ ಬೆಟ್ಟದ ತುದಿ ಮಾತ್ರ ಅನ್ನುತ್ತಿದ್ದರು ಕೋಬಾಕ್. ಬೆಟ್ಟವೇ ಇಲ್ಲ, ಇರುವುದು ಸೂರಿನಿಂದ ಇಳಿಬಿದ್ದ ಒಂದು ಹಿಮದ ಕಡ್ಡಿ, ಅದೂ ಬಹುಪಾಲು ಗೊಂದಲದಿಂದ, ಕಚೇರಿಯ ತಪ್ಪಿನಿಂದ ಆಗಿದ್ದು ಅನ್ನುವುದು ತೀರ್ಪಿನ ಸಾರ. ಜೊತೆಗೆ ಆರು ಗಂಟೆ ಕಾನೂನು ತರಗತಿಗೆ ಹೋಗಿ ಬರಬೇಕು ಅನ್ನುವ ಆದೇಶ ಬೇರೆ!

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಇವರಿಗೆ ಇದೇ ಬಂಡವಾಳವಾಯಿತು. ಇದು ಅರ್ಥವಾಗಬೇಕಾದರೆ ಪ್ರೈಮರಿ ಅಂದರೇನು ಅಂತ ಗೊತ್ತಿರಬೇಕು. ನಮ್ಮಲ್ಲಿ ಬಿ ಫಾರಂ ಕೊಡುವುದು ಹೈಕಮಾಂಡ್. ಅಲ್ಲಿ ಬಿ ಫಾರಂ ಕೊಡುವುದು ಪಕ್ಷದ ಮತದಾರರು, ಅದಕ್ಕಾಗಿ ಪ್ರತ್ಯೇಕ ಚುನಾವಣೆಯೇ ನಡೆಯುತ್ತದೆ. ಆಗಸ್ಟ್ ಬಿಸಿಲಿನಲ್ಲಿ ಅದಕ್ಕೆ ಬಂದು ಓಟು ಹಾಕುವವರು ಪಕ್ಷದ ಕಟ್ಟಾಳುಗಳು. ಅವರಿಗೆ ಕೋರ್ಟಿನಲ್ಲಿ ಬೈಸಿಕೊಂಡ ನಾಯಕ ಅಂದರೆ ನಮಗಾಗಿ ಹೊಡೆದಾಡುವ ನಾಯಕ. ಅಭ್ಯರ್ಥಿಗಳು ಹಲವರಿದ್ದಾಗ ನಲವತ್ತು ಪರ್ಸೆಂಟ್ ಗಟ್ಟಿ ಓಟು ಇದ್ದರೆ ಸಾಕು, ಉಳಿದ ಅರವತ್ತು ತಾನಾಗೇ ಹಂಚಿಹೋಗುತ್ತದೆ. ಕೋಬಾಕ್ ಈ ಲೆಕ್ಕ ಚೆನ್ನಾಗಿ ಹಾಕಿದ್ದರು.

ಜೀಪಿನ ಪ್ರಸಂಗವೂ ಇದೇ ಲೆಕ್ಕದ್ದು. ಜೂನ್ 2ರಂದು ಶಾನೀ ಊರಿನ ಹಬ್ಬದ ಮೆರವಣಿಗೆ. ನಮ್ಮ ಊರ ಜಾತ್ರೆಯ ಹಾಗೆ, ಮಕ್ಕಳು ರಸ್ತೆ ಬದಿಯಲ್ಲಿ ಕೂತು ಮಿಠಾಯಿಗೆ ಕಾಯುತ್ತಿರುತ್ತಾರೆ. ಅಲ್ಲಿಗೆ ಅಮೆರಿಕದ ಬಾವುಟದ ಬಣ್ಣ ಬಳಿದ ಒಂದು ಜೀಪು ಬಂತು. ಹಿಂದೆ ಯುದ್ಧದಲ್ಲಿ ಬಳಸುವಂಥ ದೊಡ್ಡ ಮಷೀನ್ ಗನ್ನು. ಗನ್ನು ನಕಲಿ, ಗುಂಡು ಹಾರುವುದಿಲ್ಲ. ಆದರೆ ನೋಡಿದ ಮಗುವಿಗೆ ಅದು ಹೇಗೆ ಗೊತ್ತಾಗಬೇಕು? ಜೀಪಿನಲ್ಲಿ ನಿಂತು ಕೈಬೀಸುತ್ತಿದ್ದವರು ಕೋಬಾಕ್. ಊರಿನ ಆಡಳಿತ ಜನರ ಕ್ಷಮೆ ಕೇಳಿತು. ಕೋಬಾಕ್ ಕೇಳಲಿಲ್ಲ. ಅದೇ ಜೀಪನ್ನು ಮುಂದಿನ ಮೆರವಣಿಗೆಗಳಿಗೂ ತಂದರು.

ಪ್ರೈಮರಿಯಲ್ಲಿ ಅವರ ಮುಖ್ಯ ಎದುರಾಳಿ ಜೆಫ್ ಕಾಲಿಯರ್, ವೃತ್ತಿಯಲ್ಲಿ ಪ್ಲಾಸ್ಟಿಕ್ ಸರ್ಜನ್. ಬ್ರೌನ್‌ಬ್ಯಾಕ್ ರಾಯಭಾರಿ ಹುದ್ದೆಗೆ ಹೋದ ಮೇಲೆ ಜನವರಿ ಕೊನೆಯಲ್ಲಿ ಗವರ್ನರ್ ಆದವರು. ವಿಚಾರದಲ್ಲಿ ಇವರೂ ಬಲಪಂಥದವರೇ, ಆದರೆ ಸದ್ದು ಕಡಿಮೆ. ಮತದಾನಕ್ಕೆ ಒಂದು ದಿನ ಮೊದಲು, ಆಗಸ್ಟ್ 6ರಂದು, ಟ್ರಂಪ್ ಟ್ವೀಟ್ ಮಾಡಿ ಕೋಬಾಕ್‌ಗೆ ಬೆಂಬಲ ಘೋಷಿಸಿದರು. ಬೇಡ ಅಂತ ಪಕ್ಷದ ಕೆಲವರು ತಡೆಯಲು ನೋಡಿದ್ದರು ಅಂತ ಆಗಲೇ ವರದಿಯಾಗಿತ್ತು. 343ರ ಅಂತರದಲ್ಲಿ ಆ ಟ್ವೀಟಿನ ಪಾಲು ಎಷ್ಟು ಅಂತ ಯಾರಾದರೂ ಊಹಿಸಬಹುದು.

ಮರುದಿನ ರಾತ್ರಿಯ ಎಣಿಕೆ ಒಂದು ನಾಟಕ. ಎಲ್ಲಕ್ಕಿಂತ ಜಾಸ್ತಿ ಜನ ಇರುವ ಜಾನ್ಸನ್ ಕೌಂಟಿಯಲ್ಲಿ ಹೊಸ ಓಟಿನ ಯಂತ್ರ ತಂದಿದ್ದರು, ಫಲಿತಾಂಶ ಬೆಳಗಾದರೂ ಪೂರ್ತಿ ಬರಲಿಲ್ಲ. ಬಂದಾಗ ಕೋಬಾಕ್ 191 ಓಟು ಮುಂದೆ. ಅಷ್ಟರಲ್ಲಿ ಥಾಮಸ್ ಕೌಂಟಿಯ ಲೆಕ್ಕದಲ್ಲಿ ಎಡವಟ್ಟು ಸಿಕ್ಕಿತು. ಕೌಂಟಿಯ ಕಾಗದದಲ್ಲಿ ಕಾಲಿಯರ್‌ಗೆ 522, ಕೋಬಾಕ್ ಕಚೇರಿಯ ವೆಬ್‌ಸೈಟಿನಲ್ಲಿ 422. ಸರಿಯಾಗಿ ನೂರು ಓಟು ನಾಪತ್ತೆ. ಬರೆದುಕೊಳ್ಳುವಾಗ ಆದ ತಪ್ಪು ಇರಬಹುದು. ಅಂತರ 91ಕ್ಕೆ ಇಳಿಯಿತು. ಆದರೆ ನೆನಪಿಡಿ, ತಪ್ಪು ಕಂಡ ವೆಬ್‌ಸೈಟು ಮುಂದಿರುವ ಅಭ್ಯರ್ಥಿಯ ಕಚೇರಿಯದ್ದು. ಕಚೇರಿಯ ಇಂಥದ್ದೇ ತಪ್ಪುಗಳನ್ನು ಕಳ್ಳ ಓಟಿನ ಪುರಾವೆ ಅಂತ ವರ್ಷಗಟ್ಟಲೆ ತೋರಿಸಿದವರು ಈಗ ಇದು ಬರೀ ಕಚೇರಿಯ ತಪ್ಪು ಅಂತ ಜನರನ್ನು ನಂಬಿಸಬೇಕಾಯಿತು.

ಕಾಲಿಯರ್ ಪತ್ರ ಬರೆದರು. ಅಂಚೆ ಓಟಿನ ಬಗ್ಗೆ ನಿಮ್ಮ ಕಚೇರಿ ಕೌಂಟಿಗಳಿಗೆ ಕಾನೂನಿಗೆ ವಿರುದ್ಧವಾದ ಸಲಹೆ ಕೊಡುತ್ತಿದೆ, ನೀವು ಎಣಿಕೆಯಿಂದ ದೂರ ಇರಿ ಅಂದರು. ಎಣಿಸುವುದು ಕೌಂಟಿಯವರು, ನಾನು ದೂರ ಇದ್ದರೂ ಇಲ್ಲದಿದ್ದರೂ ಒಂದೇ ಅನ್ನುವುದು ಕೋಬಾಕ್ ಮೊದಲ ವಾದ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಅಲ್ಲಿ ಓಟು ಎಣಿಸುವುದು ಕೌಂಟಿ ಮಟ್ಟದಲ್ಲಿ. ಆದರೆ ನಾಲ್ಕು ದೊಡ್ಡ ಕೌಂಟಿಗಳ ಚುನಾವಣಾ ಕಮಿಷನರ್‌ಗಳನ್ನು ನೇಮಿಸುವುದು ಸೆಕ್ರೆಟರಿ ಆಫ್ ಸ್ಟೇಟ್. ಆ ಎಳೆ ಹಿಡಿದು ಜನ ಪ್ರಶ್ನೆ ಕೇಳತೊಡಗಿದರು. ಕೊನೆಗೆ ಕೋಬಾಕ್ ಹಿಂದೆ ಸರಿದು ಕೈಕೆಳಗಿನ ಅಧಿಕಾರಿಗೆ ಕೆಲಸ ಒಪ್ಪಿಸಿದರು. ಕೈಕೆಳಗಿನವರಿಗೆ ಒಪ್ಪಿಸಿದರೆ ದೂರ ಇದ್ದ ಹಾಗಾಯಿತಾ? ನನಗೇನೋ ಅನ್ನಿಸುವುದಿಲ್ಲ. ಆಗಸ್ಟ್ 14ರಂದು ಕಾಲಿಯರ್ ಸೋಲು ಒಪ್ಪಿಕೊಂಡರು. ಮರುಎಣಿಕೆಗೆ ಹೋಗಲಿಲ್ಲ.

ಈಗ ಇಡೀ ರಾಜ್ಯದ ಮುಂದೆ ನಿಲ್ಲುವ ಸರದಿ. ಕಾನ್ಸಾಸ್ ರಿಪಬ್ಲಿಕನ್ ಕೋಟೆ ಅನ್ನುವುದು ಸುಳ್ಳಲ್ಲ. 1932ರ ನಂತರ ಅಲ್ಲಿಂದ ಒಬ್ಬ ಡೆಮಾಕ್ರಾಟ್ ಕೂಡ ಸೆನೆಟ್‌ಗೆ ಹೋಗಿಲ್ಲ. 2016ರಲ್ಲಿ ಟ್ರಂಪ್ 20 ಪರ್ಸೆಂಟ್ ಅಂತರದಲ್ಲಿ ಗೆದ್ದಿದ್ದರು. ಆದರೆ ಗವರ್ನರ್ ವಿಷಯಕ್ಕೆ ಬಂದರೆ ಅಲ್ಲಿನ ಜನ ಬೇರೆ ಥರ ಯೋಚಿಸುತ್ತಾರೆ, ಹಿಂದೆಯೂ ಡೆಮಾಕ್ರಾಟರನ್ನು ಆರಿಸಿದ್ದಾರೆ. ಲೋಕಸಭೆಗೆ ಒಂದು, ವಿಧಾನಸಭೆಗೆ ಇನ್ನೊಂದು ಅನ್ನುವ ನಮ್ಮ ಮತದಾರರ ಹಾಗೇ.

ಎದುರಿಗೆ ನಿಂತವರು ಲಾರಾ ಕೆಲ್ಲಿ, ಟೊಪೀಕಾದ ರಾಜ್ಯ ಸೆನೆಟರ್. ಭಾಷಣದಲ್ಲಿ ಬೆಂಕಿ ಉಗುಳುವವರಲ್ಲ. ಅವರ ಮಾತು ಬಜೆಟ್, ಶಾಲೆ, ರಸ್ತೆ, ಮತ್ತೆ ಶಾಲೆ. ಕೋಬಾಕ್ ಬಂದರೆ ಬ್ರೌನ್‌ಬ್ಯಾಕ್ ಕಾಲ ವಾಪಸ್ ಬರುತ್ತದೆ ಅನ್ನುವುದೊಂದನ್ನೇ ಹೇಳುತ್ತಾ ಹೋದರು. ಮಗುವಿನ ಕ್ಲಾಸಿನಲ್ಲಿ ಮೇಷ್ಟರಿಲ್ಲ ಅನ್ನುವ ತಾಯಿಗೆ ಗಡಿ ದಾಟಿ ಬರುವವರ ಕಥೆ ಹೇಳಿದರೆ ಅವಳು ಎಷ್ಟು ಹೊತ್ತು ಕೇಳುತ್ತಾಳೆ? ಕೋಬಾಕ್ ಹತ್ತಿರ ಇದ್ದ ಉತ್ತರ ಗಟ್ಟಿಯಾಗೇ ಇತ್ತು, ಆದರೆ ಆ ಪ್ರಶ್ನೆ ಕೇಳಿದವರು ಆಗಸ್ಟ್‌ನಲ್ಲೇ ಓಟು ಹಾಕಿ ಮನೆಗೆ ಹೋಗಿದ್ದರು.

ಅದಕ್ಕಿಂತ ದೊಡ್ಡ ಏಟು ಬಿದ್ದಿದ್ದು ಸ್ವಂತ ಮನೆಯಿಂದ. ಸೆಪ್ಟೆಂಬರ್‌ನಲ್ಲಿ ಮಾಜಿ ರಿಪಬ್ಲಿಕನ್ ಗವರ್ನರ್ ಬಿಲ್ ಗ್ರೇವ್ಸ್ ಕೆಲ್ಲಿ ಅವರನ್ನು ಬೆಂಬಲಿಸಿದರು. ಮಾಜಿ ಸೆನೆಟರ್ ನ್ಯಾನ್ಸಿ ಕಾಸೆಬಾಮ್ ಕೂಡ. ಇವರೆಲ್ಲ ಪಕ್ಷದ ಹಳೆಯ ಬೇರುಗಳು. ಗ್ರೆಗ್ ಆರ್ಮನ್ ಅನ್ನುವ ಪಕ್ಷೇತರರು ಕಣದಲ್ಲಿದ್ದರು. ಅವರು ಕೋಬಾಕ್ ವಿರೋಧಿ ಓಟು ಒಡೆಯುತ್ತಾರೆ, ಕೋಬಾಕ್ ಮತ್ತೆ ನಲವತ್ತು ಪರ್ಸೆಂಟಿನಲ್ಲೇ ದಡ ಸೇರುತ್ತಾರೆ ಅನ್ನುವ ಭಯ ಡೆಮಾಕ್ರಾಟರಿಗೆ ಕೊನೆಯವರೆಗೂ ಇತ್ತು. ಅಕ್ಟೋಬರ್ 6ರಂದು ಟ್ರಂಪ್ ಟೊಪೀಕಾಗೇ ಬಂದು ಸಭೆ ಮಾಡಿದರು.

ನವೆಂಬರ್ 6ರ ಫಲಿತಾಂಶ: ಕೆಲ್ಲಿ 48 ಪರ್ಸೆಂಟ್, ಕೋಬಾಕ್ 43, ಆರ್ಮನ್ ಆರೂವರೆ. ಜಾನ್ಸನ್ ಕೌಂಟಿ ಕೈಕೊಟ್ಟಿತು. ಓವರ್‌ಲ್ಯಾಂಡ್ ಪಾರ್ಕ್, ಒಲೇತಾ ಇರುವುದು ಇಲ್ಲೇ, ನಮ್ಮ ಐಟಿ ಮಂದಿಯೂ ಇಲ್ಲಿದ್ದಾರೆ. ಒಳ್ಳೆಯ ಸರ್ಕಾರಿ ಶಾಲೆ ಅಂತಲೇ ಜನ ಮನೆ ಹುಡುಕಿಕೊಂಡು ಬರುವ ಜಾಗ. ಅಂಥ ಕಡೆ ಶಾಲೆಯ ದುಡ್ಡಿನ ಜೊತೆ ಆಟ ಆಡಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಅದೇ ದಿನ, ಅದೇ ಮತಪತ್ರದಲ್ಲಿ ಕೋಬಾಕ್ ಖಾಲಿ ಮಾಡುತ್ತಿದ್ದ ಸೆಕ್ರೆಟರಿ ಆಫ್ ಸ್ಟೇಟ್ ಕುರ್ಚಿಗೆ ರಿಪಬ್ಲಿಕನ್ನರೇ ಗೆದ್ದರು, ಅಟಾರ್ನಿ ಜನರಲ್ ಹುದ್ದೆಯೂ ಅವರಿಗೇ ಹೋಯಿತು. ಜನಕ್ಕೆ ಪಕ್ಷ ಬೇಡವಾಗಿರಲಿಲ್ಲ. ಗವರ್ನರ್ ಸಾಲಿನಲ್ಲಿ ಮಾತ್ರ ಕೈ ಪಕ್ಕಕ್ಕೆ ಸರಿಯಿತು.

ಕೋಬಾಕ್ ಸುಮ್ಮನೆ ಕೂರಲಿಲ್ಲ. 2020ರಲ್ಲಿ ಸೆನೆಟ್‌ಗೆ ಪ್ರೈಮರಿಯಲ್ಲಿ ನಿಂತರು. ಈ ಸಲ ಪಕ್ಷದವರು ಎಚ್ಚರವಾಗಿದ್ದರು. ರೋಜರ್ ಮಾರ್ಷಲ್ 40 ಪರ್ಸೆಂಟ್ ತೆಗೆದುಕೊಂಡರೆ ಕೋಬಾಕ್ 26ಕ್ಕೆ ನಿಂತರು. ಅವರೇ ಬೇಕು ಅಂತ ಜಾಹೀರಾತಿಗೆ ದುಡ್ಡು ಸುರಿದವರಲ್ಲಿ ಡೆಮಾಕ್ರಾಟರ ನಂಟಿನ ಗುಂಪೂ ಇತ್ತು, ನವೆಂಬರ್‌ನಲ್ಲಿ ಸೋಲಿಸುವುದು ಸುಲಭ ಅಂತ. ರಾಜಕಾರಣಿಗೆ ಇದಕ್ಕಿಂತ ಅವಮಾನ ಬೇರೆ ಇದೆಯಾ ಗೊತ್ತಿಲ್ಲ. ಆ ಡಿಸೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪೌರತ್ವ ದಾಖಲೆಯ ಕೇಸನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಕಾನೂನು ಸತ್ತೇಹೋಯಿತು.

2022ರಲ್ಲಿ ಅಟಾರ್ನಿ ಜನರಲ್ ಹುದ್ದೆಗೆ ನಿಂತು ಕೂದಲೆಳೆಯಲ್ಲಿ ಗೆದ್ದರು, 51ಕ್ಕೆ 49 ಅನ್ನುವಷ್ಟು. ಅದೇ ಚುನಾವಣೆಯಲ್ಲಿ ಕೆಲ್ಲಿ ಕೂಡ ಎರಡನೇ ಸಲ ಗವರ್ನರ್ ಆಗಿ ಗೆದ್ದರು. ಹೀಗೆ ಇಬ್ಬರೂ ಟೊಪೀಕಾದಲ್ಲೇ ಅಧಿಕಾರಕ್ಕೆ ಬಂದರು. 2023ರ ಜುಲೈನಲ್ಲಿ ಅಟಾರ್ನಿ ಜನರಲ್ ಕೋಬಾಕ್ ಕೆಲ್ಲಿ ಸರ್ಕಾರದ ಮೇಲೆ ಕೇಸು ಹಾಕಿದರು. ಈ ಸಲ ಜಗಳ ಡ್ರೈವಿಂಗ್ ಲೈಸೆನ್ಸಿನಲ್ಲಿ ಗಂಡು, ಹೆಣ್ಣು ಅಂತ ಏನು ಬರೆಯಬೇಕು ಅನ್ನುವುದರ ಬಗ್ಗೆ. ಮತ್ತೆ ಅದೇ ಲೈಸೆನ್ಸ್ ಕೌಂಟರ್.